ಸಿಲಿಂಡರಿಗೆ ಕೊರೆದ ಕಿಟಕಿ

ಅಕ್ಕನಿಗೆ ಮೂಗಿನ ತುದಿಯಲ್ಲೇ ಕೋಪ, ಅವಳನ್ನು ಕಂಡರೆ ಅವಳ ಲೇತ್ ಮಷೀನಿಗೂ ಭಯ ಎಂದು ಬೀದಿಯವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಊರ ಬಾಯಿಗೆ ಬೀಗ ಹಾಕುವವರು ಯಾರು? ಆದರೆ ಆ ಬೆಳಿಗ್ಗೆ ಅಪರೂಪದ ಬೈಕುಗಳ ಪ್ರದರ್ಶನದ ಹಾಲಿನಲ್ಲಿ ಅವಳು ಕಂಡದ್ದನ್ನು ಕಂಡಿದ್ದರೆ ಕಲ್ಲಿಗೂ ಮೈ ಉರಿಯುತ್ತಿತ್ತು.

ಅಪ್ಪನ ಬೈಕನ್ನು ಹಾಲಿನ ನಡುವೆ ಒಂದು ಕಟ್ಟೆಯ ಮೇಲೆ ನಿಲ್ಲಿಸಿದ್ದರು. ಮುಂದಿನ ಚಕ್ರದಲ್ಲಿದ್ದ ಐದು ಸಿಲಿಂಡರುಗಳಲ್ಲಿ ಒಂದನ್ನು ಗರಗಸದಿಂದ ಕೊಯ್ದು, ಎರಡು ಬೆರಳಗಲದ ಕಿಟಕಿ ಮಾಡಿದ್ದರು. ಕೊಯ್ದ ಅಂಚಿಗೆ ಕೆಂಪು ಬಣ್ಣ ಬಳಿದಿದ್ದರು, ಒಳಗೊಂದು ಪುಟ್ಟ ಬಲ್ಬು ಉರಿಯುತ್ತಿತ್ತು. ಬಂದವರೆಲ್ಲ ಬಗ್ಗಿ ನೋಡಿ "ಅಬ್ಬಾ" ಎಂದು ಮುಂದೆ ಹೋಗುತ್ತಿದ್ದರು. ಪಕ್ಕದಲ್ಲಿ ಬಿಳಿ ಶರ್ಟು ತೊಟ್ಟು, ಮದುಮಗನ ಹಾಗೆ ಬೀಗುತ್ತಾ ನಿಂತಿದ್ದವನು ಅವಳ ತಮ್ಮ. ಗಾಡಿಗಳಿಗೆ ಬಣ್ಣ ಹೊಡೆಯುವುದು ಅವನ ಕೆಲಸ, ಎಲ್ಲರೂ ಕರೆಯುವುದು ಪಾಲಿಶ್ ಎಂದು.

ಆ ಬೈಕು ಅಂತಿಂಥದ್ದಲ್ಲ. ಅದರ ಎಂಜಿನ್ ಇರುವುದೇ ಮುಂದಿನ ಚಕ್ರದೊಳಗೆ. ಸಿಲಿಂಡರುಗಳು ನಕ್ಷತ್ರದ ಮೂಲೆಗಳಂತೆ ಹರಡಿಕೊಂಡು ಚಕ್ರದ ಜೊತೆಗೇ ಗಿರ್ರನೆ ತಿರುಗುತ್ತವೆ. ಕ್ಲಚ್ಚಿಲ್ಲ, ಗೇರಿಲ್ಲ. ತಳ್ಳಿಕೊಂಡು ಓಡಿ ಹತ್ತಬೇಕು, ಚಕ್ರ ನಿಂತರೆ ಎಂಜಿನ್ನೂ ನಿಂತಂತೆಯೇ. ಅದಕ್ಕೇ ಅಪ್ಪ ಅಮ್ಮನನ್ನು ಕರೆದೊಯ್ಯಲು ಬಂದಾಗ ಮನೆ ಮುಂದೆ ನಿಲ್ಲಿಸುತ್ತಿರಲಿಲ್ಲ, ಸುತ್ತು ಹಾಕುತ್ತಿದ್ದರು. ಅಮ್ಮ ಕ್ಯಾನ್ವಾಸ್ ಶೂ ಕಟ್ಟಿಕೊಂಡು ಓಡಿಬಂದು ಹಿಂದಿನ ಸೀಟಿಗೆ ಹಾರಬೇಕಿತ್ತು. "ನಿಮ್ಮಪ್ಪನ ಹತ್ರ ಮುನಿಸ್ಕೊಳ್ಳೋಕೂ ಪುರುಸೊತ್ತಿರ್ಲಿಲ್ಲ ಕಣೇ, ನಾನು ನಿಂತ್ಕೊಂಡ್ರೂ ಅವರು ನಿಲ್ತಿರ್ಲಿಲ್ಲ" ಎಂದು ಅಮ್ಮ ಈಗಲೂ ನಗುತ್ತಾಳೆ.

ಅಪ್ಪ ಹೋದ ಮೇಲೆ ಬೈಕು ಶೆಡ್ಡಿನಲ್ಲಿ ತುಕ್ಕು ಹಿಡಿಯಿತು. ಅದಕ್ಕೆ ಜೀವ ತುಂಬಿದವಳು ಅಕ್ಕ. ಎಲ್ಲೂ ಸಿಗದ ಪಿಸ್ಟನ್ ರಿಂಗುಗಳನ್ನು, ವಾಲ್ವುಗಳನ್ನು ತನ್ನ ಲೇತಿನಲ್ಲೇ ಕಡೆದು, ಹಾಳಾದದ್ದನ್ನು ಎಸೆದು, ಮತ್ತೆ ಕಡೆದು, ವರ್ಷಗಟ್ಟಲೆ ಒದ್ದಾಡಿದ್ದಳು. ಅಮ್ಮ ಜೀವಮಾನದಲ್ಲಿ ಮಕ್ಕಳನ್ನು ಕೇಳಿದ್ದು ಒಂದೇ: "ಕಣ್ಣು ಮುಚ್ಚೋದ್ರೊಳಗೆ ಅದ್ರ ಮೇಲೆ ಒಂದು ರೌಂಡ್ ಹೋಗ್ಬೇಕು." ಕಳೆದ ತಿಂಗಳು ಎಂಜಿನ್ ಕೊನೆಗೂ ಸ್ಟಾರ್ಟ್ ಆಯಿತು. ಪ್ರದರ್ಶನದ ದಿನ ಹಾಲಿನ ಹಿಂದಿನ ಅಂಗಳದಲ್ಲಿ ಅಮ್ಮನ ಸವಾರಿ ಎಂದು ಮಾತಾಯಿತು. ಬಣ್ಣ ಹೊಡೆಯಲೆಂದು ಪಾಲಿಶ್ ಬೈಕನ್ನು ಒಯ್ದಿದ್ದ. ಒಯ್ದವನು ಮಾಡಿದ ಘನಂದಾರಿ ಕೆಲಸ ಇದು.

"ಏನೋ ಇದು?" ಎಂದಳು ಅಕ್ಕ.

"ಹೆಂಗಿದೆ ಹೇಳು. ನಿಂಗೆ ಸರ್ಪ್ರೈಸ್ ಇರ್ಲಿ ಅಂತ ಹೇಳಿರ್ಲಿಲ್ಲ. ಇಷ್ಟು ದಿನ ಒಳಗೆ ಏನಿದೆ ಅಂತ ಯಾರಿಗ್ ಗೊತ್ತಾಗ್ತಿತ್ತು? ಈಗ ನೀನು ಮಾಡಿದ ರಿಂಗು ಊರಿಗೆಲ್ಲ ಕಾಣ್ತಿದೆ."

ಅವನ ಮುಖದಲ್ಲಿ ಕಪಟವೇ ಇರಲಿಲ್ಲ. ಉರಿಯುವ ಬೆಂಕಿಗೆ ತುಪ್ಪ ಸುರಿದದ್ದು ಅದೇ. ಕೆಟ್ಟದ್ದು ಮಾಡಬೇಕೆಂದೇ ಮಾಡಿದವನಾದರೆ ಕೆನ್ನೆಗೆ ಎರಡು ಬಿಟ್ಟು ಸುಮ್ಮನಾಗಬಹುದಿತ್ತು. ಪ್ರೀತಿಯಿಂದ ಗರಗಸ ಹಿಡಿದವನನ್ನು ಏನು ಮಾಡುವುದು?

"ಹೊಟ್ಟೆ ಕೊಯ್ದು ಕರುಳು ತೋರ್ಸಿದ್ರೆ ಮನುಷ್ಯ ಚೆನ್ನಾಗ್ ಕಾಣ್ತಾನೇನೋ? ಅಮ್ಮ ಇವತ್ತು ಇದ್ರ ಮೇಲೆ ರೌಂಡ್ ಹೋಗ್ಬೇಕಿತ್ತು."

"ಈ ವಯಸ್ಸಲ್ಲಿ ಓಡೋ ಗಾಡಿ ಹತ್ತೋಕ್ ಹೋಗಿ ಬಿದ್ರೆ? ಕಟ್ಟೆ ಮೇಲೆ ಕೂರ್ಸಿ ಚೆಂದದ್ದೊಂದು ಫೋಟೋ ತೆಗ್ಸೋಣ ಬಿಡು."

ಅಕ್ಕ ಹಲ್ಲು ಕಚ್ಚಿದಳು. "ಕೊಯ್ದ ತುಂಡೆಲ್ಲಿ?"

ಅದು ಪ್ರದರ್ಶನ ಏರ್ಪಡಿಸಿದ್ದ ಬೈಕ್ ಕ್ಲಬ್ಬಿನ ಅಧ್ಯಕ್ಷರ ಮೇಜಿನ ಮೇಲಿತ್ತು. ಫ್ಯಾನಿನ ಗಾಳಿಗೆ ಹಾರದಂತೆ ಕಾಗದಗಳ ಮೇಲೆ ಇಟ್ಟುಕೊಂಡಿದ್ದರು. "ಬೆಸ್ಟ್ ಪೇಪರ್‌ವೇಟ್ ಮೇಡಂ," ಎಂದು ಅವರೇ ತೋರಿಸಿದರು. "ಇಂಥ ಎಂಜಿನ್ನು ಜಗತ್ತಲ್ಲೇ ಬೆರಳೆಣಿಕೆಯಷ್ಟು ಇರೋದು."

"ಅದ್ರಲ್ಲಿ ಒಂದು ಕಮ್ಮಿ ಮಾಡಿದ್ರಲ್ಲ, ಇನ್ನೂ ಅಪರೂಪ ಆಯ್ತು" ಎಂದು ತುಂಡನ್ನು ಎತ್ತಿಕೊಂಡಳು. ಕಾಗದಗಳು ಹಾಲಿನ ತುಂಬ ಹಾರಿದವು.

ಅಷ್ಟರಲ್ಲಿ ಪಕ್ಕದ ಮನೆಯಾಕೆಯ ಕೈ ಹಿಡಿದು ಅಮ್ಮ ಬಂದಳು. ಕಾಲಲ್ಲಿ ಅದೇ ಹಳೆಯ ಕ್ಯಾನ್ವಾಸ್ ಶೂ, ಬಿಳಿ ಸುಣ್ಣ ಬಳಿದು, ಲೇಸು ಎರಡೆರಡು ಗಂಟು ಹಾಕಿ ಕಟ್ಟಿಕೊಂಡಿದ್ದಳು. ಕಿಟಕಿಯ ಬಲ್ಬನ್ನು ಕಣ್ಣು ಕಿರಿದು ಮಾಡಿ ನೋಡಿದಳು. ಅದೇನೆಂದು ಅವಳಿಗೆ ತಿಳಿಯಲಿಲ್ಲ.

"ಚೆನ್ನಾಗ್ ಕಾಣತ್ತೆ. ಸುತ್ತು ಹಾಕೋಕೆ ಜಾಗ ಎಲ್ಲಿದೆ?" ಎಂದು ಕೇಳಿದಳು.

ಪಾಲಿಶ್ ಆ ಶೂಗಳನ್ನು ನೋಡಿದ. ಅವನ ಮುಖದ ಹೊಳಪೆಲ್ಲ ಒಂದೇ ಸಲ ಇಳಿಯಿತು. ಕಿಟಕಿ ತೋರಿಸಲು ಹೋದ ಕೈ ಅರ್ಧಕ್ಕೇ ನಿಂತಿತು.

"ನೋಡು, ಕಣ್ತುಂಬ ನೋಡು," ಎಂದಳು ಅಕ್ಕ ಅವನಿಗೆ. "ಆಮೇಲೆ ಹಿಡ್ಕೊ ಆ ಕಡೆ. ಕೆಳಗಿಳ್ಸು."

ಪ್ರದರ್ಶನದ ವಸ್ತುವನ್ನು ಮುಟ್ಟುವ ಹಾಗಿಲ್ಲ, ನಿಯಮವಿದೆ ಎಂದು ಅಧ್ಯಕ್ಷರು ಅಡ್ಡ ಬಂದರು. "ನಿಯಮ ನಿಮ್ಮ ಮೇಜಿನ ಮೇಲೆ ಇಟ್ಕೊಳ್ಳಿ, ಪೇಪರ್‌ವೇಟ್ ನಾನು ತಗೊಂಡಿದೀನಿ" ಎಂದಳು. ಅವರು ದಾರಿ ಬಿಟ್ಟರು.

ಅಂಗಳದಲ್ಲಿ ಅಕ್ಕ ನೆಲಕ್ಕೆ ಕೂತು ಬಲ್ಬು ಕಿತ್ತೆಸೆದಳು. ಕೊಯ್ದ ಸಿಲಿಂಡರಿನ ಪ್ಲಗ್ ಬಿಚ್ಚಿದಳು, ವಾಲ್ವ್ ಎತ್ತುವ ರಾಡುಗಳನ್ನು ತೆಗೆದಳು. ತುಂಡನ್ನು ಅದರ ಜಾಗದಲ್ಲೇ ಕೂರಿಸಿ, ಮೇಲೆ ತಂತಿ ಸುತ್ತಿ ಇಕ್ಕಳದಲ್ಲಿ ತಿರುಚಿದಳು. ಗರಗಸ ತಿಂದಷ್ಟು ಸಂದು ಹಾಗೇ ಉಳಿಯಿತು. ಒಳಗಿನ ಎಣ್ಣೆಯೆಲ್ಲ ಅಲ್ಲಿಂದಲೇ ಹೊರಗೆ ಹಾರುತ್ತದೆ, ಎಣ್ಣೆ ಮುಗಿದರೆ ಎಂಜಿನ್ ಕಚ್ಚಿಕೊಂಡು ಸಾಯುತ್ತದೆ. ಅದು ಅವಳಿಗೂ ಗೊತ್ತಿತ್ತು, ಸ್ಪ್ಯಾನರ್ ಕೊಡುತ್ತಿದ್ದ ತಮ್ಮನಿಗೂ ಗೊತ್ತಿತ್ತು.

ತಳ್ಳಿಕೊಂಡು ಓಡಿದಳು. ಕೆಮ್ಮಿತು, ಸೀನಿತು, ಉಳಿದ ನಾಲ್ಕು ಸಿಲಿಂಡರಿನಲ್ಲೇ ಕುಂಟುತ್ತಾ ಸ್ಟಾರ್ಟ್ ಆಯಿತು. ಅವಳು ಹಾರಿ ಕೂತಳು. ಮೊದಲ ಸುತ್ತಿಗೇ ಕಪ್ಪೆಣ್ಣೆ ಪಿಚಕಾರಿಯಂತೆ ಚಿಮ್ಮಿ ಪಾಲಿಶನ ಬಿಳಿ ಶರ್ಟಿಗೆ ಅಡ್ಡಗೆರೆ ಎಳೆಯಿತು. ಅವಳಿಗೆ ಕೊಂಚವೂ ಪಾಪ ಅನ್ನಿಸಲಿಲ್ಲ.

"ಹತ್ತಿಸೋ ಅಮ್ಮನ್ನ!"

ಅಮ್ಮ ಓಡಲು ನೋಡಿದಳು, ಮಂಡಿ ಕೇಳಲಿಲ್ಲ. ಪಾಲಿಶ್ ಅವಳನ್ನು ಮಗುವಿನಂತೆ ಎತ್ತಿಕೊಂಡು ಬೈಕಿನ ಪಕ್ಕದಲ್ಲೇ ಓಡಿದ. ಮೊದಲ ಸಲ ತಪ್ಪಿತು. "ಗರಗಸ ಹಿಡಿಯೋಕೆ ಬರತ್ತೆ, ಅಮ್ಮನ್ನ ಹಿಡಿಯೋಕೆ ಬರಲ್ವಾ?" ಎಂದು ಅಕ್ಕ ಮತ್ತೊಂದು ಸುತ್ತು ಬಂದಳು. ಈ ಸಲ ಅವನು ಎಡವುತ್ತಲೇ ಅವಳನ್ನು ಸೀಟಿನ ಮೇಲೆ ಕೂರಿಸಿದ. ಎರಡು ತೆಳು ಕೈಗಳು ಅಕ್ಕನ ಸೊಂಟವನ್ನು ಬಿಗಿಯಾಗಿ ತಬ್ಬಿದವು.

ಸುತ್ತಿದರು. ಹೊಗೆ, ಎಣ್ಣೆ, ಕುಂಟು ಸದ್ದು. ಬೆನ್ನಿಗೆ ಕೆನ್ನೆಯಿಟ್ಟು ಅಮ್ಮ ಕೇಳಿದಳು, "ಇನ್ನೂ ಕೋಪ ಇದ್ಯೇನೇ?"

"ಇದೆ."

"ಹಾಗಾದ್ರೆ ಇನ್ನೊಂದು ಸುತ್ತು ಹಾಕು. ನಿಮ್ಮಪ್ಪನೂ ಹಿಂಗೇ ಕೋಪ ಇಳಿಸ್ಕೊಳ್ತಿದ್ರು."

ಇನ್ನೊಂದು ಹಾಕಿದಳು. ಲೋಹ ಒಣಗಿ ಕಿರುಗುಟ್ಟುವ ಸದ್ದು ಕೇಳಿದಾಗ, ಅದು ಕಚ್ಚಿಕೊಳ್ಳುವ ಮುನ್ನ ಪೆಟ್ರೋಲ್ ಬಂದ್ ಮಾಡಿದಳು. ಸದ್ದು ಅಡಗಿತು. ಬೈಕು ನಿಲ್ಲುವಷ್ಟರಲ್ಲಿ ಹಿಂದಿನಿಂದ ಯಾರೋ ತಳ್ಳತೊಡಗಿದರು. ತಿರುಗಿ ನೋಡಬೇಕಾಗಿರಲಿಲ್ಲ, ಏದುಸಿರಿನಲ್ಲೇ ತಮ್ಮನೆಂದು ತಿಳಿಯಿತು.

ಕ್ಲಚ್ಚಿಲ್ಲದ ಆ ಗಾಡಿಯನ್ನು ಇಬ್ಬರ ಭಾರದೊಂದಿಗೆ ತಳ್ಳುವುದೆಂದರೆ ಗೋಡೆಯನ್ನು ತಳ್ಳಿದ ಹಾಗೆ. ಅಮ್ಮ ಇನ್ನೂ ಕೈ ಸಡಿಲಿಸಿರಲಿಲ್ಲ. ಹಾಲಿನ ಬಾಗಿಲು ಎದುರಿಗೇ ಇತ್ತು. ಅಕ್ಕ ಹ್ಯಾಂಡಲ್ ಅನ್ನು ಆ ಕಡೆಗೆ ನೇರ ಮಾಡದೆ, ಮತ್ತೆ ಸುತ್ತಿಗೇ ತಿರುಗಿಸಿ ಹಿಡಿದಳು.