ತೆಗೆಸಿಕೊಂಡು ಬಾ

ಕಾರ್ಕಳದ ಕ್ಯಾಮೆರಾ ಅಂಗಡಿಯ ಜಿತೇಶ ಮೂರು ಕ್ಯಾಮೆರಾಗಳನ್ನು ಮುಂದಿಟ್ಟು, ಮನೆಯಲ್ಲಿ ಮದುವೆ ಉಂಟಾ ಎಂದು ಕೇಳಿದ. ಇದ್ದದ್ದು ನಿಜ. ಶುಭಕಾರ್ಯ ನಡೆಯದ ಆಟಿ ತಿಂಗಳು ಬರುವ ಮೊದಲು ಮಗಳು ಪ್ರಣೀತಾಳ ಧಾರೆ. ಆದರೆ ಸರ್ವೋತ್ತಮ ಶೆಟ್ಟರು, "ಮದುವೆಗಲ್ಲ, ಕೋರ್ಟಿಗೆ" ಎಂದರು. ಪಕ್ಕದಲ್ಲಿದ್ದ ಹೆಂಡತಿ ಮನೋರಮಾಳಿಗೆ ಮೈಯೆಲ್ಲ ಉರಿಯಿತು.

ಕೋರ್ಟಿಗೆ ಎಳೆಯಬೇಕಾಗಿದ್ದವನು ಅವಳ ಸ್ವಂತ ತಮ್ಮ ಮುದ್ದಣ್ಣ. ಬೆಳ್ಮಣ್ಣಿನಲ್ಲಿ ಅಕ್ಕನ ಗದ್ದೆಗೂ ತಮ್ಮನ ಗದ್ದೆಗೂ ನಡುವೆ ಗಡಿಯ ಬದುವಾಗಿ ಇದ್ದದ್ದು ಒಂದು ಮಣ್ಣಿನ ಪುಣಿ. ಮಳೆ ಬಿದ್ದು ನೆಲ ಮೆತ್ತಗಾಯಿತೆಂದರೆ ಮುದ್ದಣ್ಣ ಹಾರೆ ಹಿಡಿದು ಆ ಪುಣಿಯನ್ನು ಅಕ್ಕನ ಕಡೆಗೆ ಒಂದೊಂದು ಗೇಣು ಸರಿಸುತ್ತಾನೆ ಎಂಬುದು ಶೆಟ್ಟರ ದೂರು. ಬಾಯಿಮಾತು ನಡೆಯುವುದಿಲ್ಲ, ಫೋಟೋ ಬೇಕು, ವೀಡಿಯೋ ಇದ್ದರೆ ಇನ್ನೂ ಒಳ್ಳೆಯದು ಎಂದು ವಕೀಲರು ಹೇಳಿದ್ದೇ ತಡ, ಮದುವೆಯ ಸೀರೆ ತರಲು ಬಿಡುವಿಲ್ಲದ ಮನುಷ್ಯನಿಗೆ ಕ್ಯಾಮೆರಾ ತರಲು ಬಿಡುವಾಯಿತು.

ಟೇಪಿನ ಕ್ಯಾಮೆರಾದ ಕ್ರಯ ಕೇಳಿ ಶೆಟ್ಟರು ಅದನ್ನು ಮುಟ್ಟಲೂ ಇಲ್ಲ. ರೀಲಿನದ್ದು ಅಗ್ಗ, ಆದರೆ ವೀಡಿಯೋ ಬಾರದು. ಮೂರನೆಯದು ಅಂಗೈಯಗಲದ ಡಿಜಿಟಲ್. ಎರಡೂ ಬರುತ್ತದೆ, ವೀಡಿಯೋ ಸ್ವಲ್ಪ ಮಂಜು, ಸೆಲ್ಲು ಬೇಗ ಮುಗಿಯುತ್ತದೆ ಎಂದು ಜಿತೇಶ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಶೆಟ್ಟರು ಅದನ್ನು ರಸ್ತೆಯಾಚೆಯ ಹೋಟೆಲಿನವನ ಕಡೆ ತಿರುಗಿಸಿ, ಇಷ್ಟು ದೂರದಿಂದ ಮುಖ ಗುರುತು ಸಿಗುತ್ತದೆಯೇ ಎಂದು ನೋಡಿದರು. ಇದರಲ್ಲಿ ಯಾರ ಮುಖವೂ ಕಾಣುವುದಿಲ್ಲ, ಬೇಡ ಎಂದಳು ಮನೋರಮಾ.

"ನಿನಗೆ ಯಾರ ಮುಖ ಕಾಣುವುದು ಬೇಡ ಅಂತ ನನಗೆ ಗೊತ್ತುಂಟು" ಎಂದು ಶೆಟ್ಟರು ಅದನ್ನೇ ಕಟ್ಟಿಸಿದರು. ಬಸ್ಸಿನಲ್ಲಿ ಇಬ್ಬರೂ ಬೇರೆ ಬೇರೆ ಸೀಟು ಹಿಡಿದರು.

ಮೂರು ದಿನ ಶೆಟ್ಟರು ಬೈಹುಲ್ಲಿನ ರಾಶಿಯ ಹಿಂದೆ ಕೂತರು. ಐವತ್ತೆಂಟರ ಗಂಡಸು, ನಾಳೆ ಬೀಗರ ಎದುರು ಶಾಲು ಹೊದ್ದು ನಿಲ್ಲಬೇಕಾದವರು. ನಾಲ್ಕನೆಯ ದಿನ ಬೇಟೆ ಸಿಕ್ಕಿತು. ಆ ಹಿಗ್ಗಿನಲ್ಲಿ ಓಡಿಬರುವಾಗ ಜಾರಿ ಕಾಲು ಉಳುಕಿತು. ಹಾಗಾಗಿ ಕ್ಯಾಮೆರಾ ಹೆಂಡತಿಯ ಕೈಗೆ ಬಂತು. ಪೇಟೆಗೆ ಹೋಗಿ ಎಲ್ಲ ತೆಗೆಸಿಕೊಂಡು ಬಾ ಎಂದು ಅಪ್ಪಣೆಯಾಯಿತು.

ಜಿತೇಶ ಕಾರ್ಡನ್ನು ಕಂಪ್ಯೂಟರಿಗೆ ಹಾಕಿದ. ಲುಂಗಿ ಎತ್ತಿಕಟ್ಟಿದ ಮುದ್ದಣ್ಣ ಪುಣಿ ಕಡಿಯುತ್ತಿದ್ದ, ನಡುನಡುವೆ ಅಕ್ಕನ ಮನೆಯತ್ತ ಕದ್ದು ನೋಡುತ್ತಿದ್ದ. ಮಂಜಾದರೂ ಗುರುತು ಸಿಗುತ್ತಿತ್ತು. ಮನೋರಮಾಳಿಗೆ ಅವನ ಕೆನ್ನೆಗೆ ಎರಡು ಬಿಗಿಯಬೇಕೆನ್ನಿಸಿತು. ಎಲ್ಲ ತೆಗೆಯಬೇಕು ಎಂದಳು.

"ಪ್ರಿಂಟ್ ತೆಗೆಯುವುದಾ ಅಕ್ಕ, ಕಾರ್ಡಿನಿಂದಲೇ ತೆಗೆಯುವುದಾ?"

ಗಂಡನ ಮಾತಿಗೆ ಹೀಗೊಂದು ಹಿಂಬಾಗಿಲು ಉಂಟೆಂದು ಅವಳಿಗೆ ಹೊಳೆದದ್ದು ಆಗಲೇ. ಕಾರ್ಡಿನಿಂದ ಎಂದಳು. ಹೋದರೆ ಮತ್ತೆ ಬರುವುದಿಲ್ಲ ಎಂದು ಅವನು ಎರಡು ಸಲ ಎಚ್ಚರಿಸಿದ. ಬರುವುದು ಬೇಡ ಎಂದಳು.

ಮನೆಗೆ ಬಂದಾಗ ಶೆಟ್ಟರು ಊಟಕ್ಕೆ ಕೂತಿದ್ದರು. ಫೋಟೋ ಎಲ್ಲಿ ಎಂದು ಕೈ ಚಾಚಿದರು. ತೆಗೆಸಿದೆ, ನೀವು ಹೇಳಿದ ಹಾಗೆ ಎಂದು ಅವಳು ಖಾಲಿ ಕ್ಯಾಮೆರಾವನ್ನು ಆ ಕೈಯಲ್ಲಿಟ್ಟಳು. ಅವರು ಗುಂಡಿ ಒತ್ತಿ ಒತ್ತಿ ನೋಡಿದರು, ಒಂದು ಚಿತ್ರವೂ ಇರಲಿಲ್ಲ.

"ಕಳ್ಳನನ್ನು ಉಳಿಸಿದೆಯಲ್ಲ ನೀನು."

"ಕಳ್ಳನೇ. ನನಗಿಂತ ಚೆನ್ನಾಗಿ ಯಾರಿಗೆ ಗೊತ್ತುಂಟು? ಆದರೆ ಪ್ರಣೀತಾಳನ್ನು ಕೈಹಿಡಿದು ಮಂಟಪಕ್ಕೆ ಕರೆತರಲಿಕ್ಕೆ ಅವಳಿಗೆ ಇರುವುದು ಆ ಒಬ್ಬ ಕಳ್ಳಮಾವನೇ. ಕೋರ್ಟಿನ ಕಟಕಟೆಗೆ ಹತ್ತಿಸಿದ ಮೇಲೆ ಯಾವ ಮುಖದಲ್ಲಿ ಅವನನ್ನು ಧಾರೆಗೆ ಕರೆಯುತ್ತಿದ್ದಿರಿ?"

ಶೆಟ್ಟರು ಬಟ್ಟಲು ದೂಡಿ, ಕುಂಟುತ್ತಾ ಎದ್ದು ಹೋದರು. ಮನೋರಮಾ ಕರೆಯಲಿಲ್ಲ. ಅದೇ ಜಾಗದಲ್ಲಿ ಕೂತು, ಗಂಜಿ ಬಡಿಸಿಕೊಂಡು, ಹೊಟ್ಟೆ ತುಂಬ ಉಂಡಳು.