ಮುಕ್ಕಾಲು ಇಂಚಿನ ಪಿಸ್ತೂಲು

ಅಮ್ಮನ ಕೆಲಸದ ಪ್ಯಾಂಟಿಗೆ ಬೆಲ್ಟ್ ಹಾಕುವ ಕುಣಿಕೆಗಳಿರಲಿಲ್ಲ. ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರ ಮೈ ಒರೆಸಿ, ಬಟ್ಟೆ ಬದಲಿಸಿ, ಬಿಪಿ ನೋಡಿ ಬರುವ ಹೆಂಗಸರು ತೊಡುವ ನೀಲಿ ಬಟ್ಟೆ ಅದು. ಸೊಂಟಕ್ಕೆ ಬರೀ ಲಾಡಿ. ಒಂದೂಕಾಲು ಇಂಚು ದಪ್ಪದ, ಎರಡು ಪೌಂಡ್ ತೂಕದ ಪಿಸ್ತೂಲನ್ನು ಆ ಲಾಡಿಗೆ ಸಿಕ್ಕಿಸಿದರೆ ಪ್ಯಾಂಟು ಕೆಳಗೆ ಜಾರುತ್ತಿತ್ತು. ಹಾಗಾಗಿ ಅಮ್ಮ ಅದನ್ನು ಕಾರಿನ ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಇಟ್ಟಿರುತ್ತಿದ್ದಳು.

ಐದು ವರ್ಷದ ಹಿಂದೆ ಪೆಟ್ರೋಲ್ ಬಂಕಿನ ಅಂಗಳದಲ್ಲಿ ಒಬ್ಬ ಅವಳ ಬೆನ್ನ ಹಿಂದೆ ಬಂದ. ಇಂಥ ಹೆಂಗಸರ ಚೀಲದಲ್ಲಿ ನಶೆಗೆ ನುಂಗುವ ನೋವಿನ ಮಾತ್ರೆ ಇರುತ್ತದೆ ಎಂದು ಕೆಂಟಕಿಯ ನಮ್ಮ ಈ ಗುಡ್ಡಗಳಲ್ಲಿ ಎಲ್ಲರೂ ನಂಬುತ್ತಾರೆ. ಅಮ್ಮನ ಚೀಲದಲ್ಲಿದ್ದದ್ದು ಬಿಪಿ ನೋಡುವ ಪಟ್ಟಿ ಮತ್ತು ಅರ್ಧ ತಿಂದ ಸ್ಯಾಂಡ್‌ವಿಚ್. ಬಂಕಿನ ಕ್ಯಾಮೆರಾದಲ್ಲಿ ಅವಳು ಕೈ ಮುಂದಕ್ಕೆ ಚಾಚಿಕೊಂಡು ಕಾರಿನ ಕಡೆ ಓಡುವುದು ಕಾಣುತ್ತದೆ. ಕಾರಿಗೆ ಇನ್ನೂ ಹನ್ನೊಂದು ಹೆಜ್ಜೆ ಇತ್ತು. ಅವನ ಮುಖ ಕಾಣುವುದಿಲ್ಲ. ಅವನು ಸಿಗಲೂ ಇಲ್ಲ.

ಪೊಲೀಸರು ಆ ಪಿಸ್ತೂಲನ್ನು ಒಂದು ಕಾಗದದ ಚೀಲದಲ್ಲಿ ಹಾಕಿ ಅಪ್ಪನಿಗೆ ವಾಪಸು ಕೊಟ್ಟರು. ಒಂದು ಗುಂಡೂ ಖರ್ಚಾಗಿರಲಿಲ್ಲ. ಅಪ್ಪ ಕಲ್ಲಿದ್ದಲ ಗಣಿಯಲ್ಲಿ ಮೂವತ್ತು ವರ್ಷ ಯಂತ್ರ ರಿಪೇರಿ ಮಾಡಿದವನು. ಹೆಸರು ಆರ್ವೆಲ್ ಟ್ಯಾಕೆಟ್. ಅಳೆಯದೆ ಯಾವುದನ್ನೂ ನಂಬುವವನಲ್ಲ. ಅಡುಗೆಮನೆಯ ಮೇಜಿನ ಮೇಲೆ ಕ್ಯಾಲಿಪರ್ ತಂದಿಟ್ಟುಕೊಂಡು ಪಿಸ್ತೂಲಿನ ದಪ್ಪ ಅಳೆದ. ಆಮೇಲೆ ಮೂರು ಕೌಂಟಿಗಳ ಬಂದೂಕಿನ ಅಂಗಡಿಗಳನ್ನೆಲ್ಲ ಸುತ್ತಿ, ಗಾಜಿನ ಕಪಾಟಿನಲ್ಲಿದ್ದದ್ದನ್ನೆಲ್ಲ ಅಳೆಯತೊಡಗಿದ.

“ನಿಮ್ಮಮ್ಮನ್ನ ಕೊಂದಿದ್ದು ಅವನಲ್ಲ ಮಾರ್ಲಾ,” ಎನ್ನುತ್ತಿದ್ದ. “ಅರ್ಧ ಇಂಚು. ಅರ್ಧ ಇಂಚು ತೆಳ್ಳಗಿದ್ದಿದ್ರೆ ಮೈಮೇಲೇ ಇರ್ತಿತ್ತು.”

ಗಣಿ ಮುಚ್ಚಿದ ಮೇಲೆ ನಮ್ಮ ಊರಿನಲ್ಲಿ ಕೆಲಸ ಇರುವುದು ಜೈಲಿನಲ್ಲಿ, ಇಲ್ಲವೇ ಕಾಯಿಲೆಯವರ ಹತ್ತಿರ. ನಾನು ಅಮ್ಮನ ಕೆಲಸಕ್ಕೇ ಸೇರಿದೆ. ಅದೇ ನೀಲಿ ಬಟ್ಟೆ, ಅದೇ ದಾರಿಗಳು, ಅವಳು ನೋಡಿಕೊಳ್ಳುತ್ತಿದ್ದ ಅದೇ ಮುದುಕರಲ್ಲಿ ಇನ್ನೂ ಉಳಿದಿದ್ದವರು. ಡ್ಯೂಟಿಯಲ್ಲಿ ಆಯುಧ ಇಟ್ಟುಕೊಳ್ಳಬಾರದೆಂದು ಕಂಪನಿಯ ನಿಯಮವಿತ್ತು. ಎಲ್ಲರೂ ಇಟ್ಟುಕೊಳ್ಳುತ್ತಿದ್ದರು. ನಾನು ಮಾತ್ರ ಇಟ್ಟುಕೊಂಡಿರಲಿಲ್ಲ.

ಅಪ್ಪ ನನ್ನ ಹಿಂದೆ ಬರಲು ಶುರು ಮಾಡಿದ. ರೋಗಿಯ ಮನೆಯಿಂದ ಹೊರಗೆ ಬಂದರೆ ರಸ್ತೆಯಾಚೆ ಅವನ ಟ್ರಕ್ಕು ನಿಂತಿರುತ್ತಿತ್ತು. ಅವನು ನನ್ನನ್ನು ನೋಡುತ್ತಿರಲಿಲ್ಲ. ನನ್ನ ಹೆಗಲಿನಾಚೆ, ಒಬ್ಬ ಮನುಷ್ಯ ನಿಲ್ಲಬಹುದಾದಷ್ಟು ಜಾಗವನ್ನು ನೋಡುತ್ತಿದ್ದ. ಊಟಕ್ಕೆ ಕೂತರೂ ಹಾಗೆಯೇ. ನಾನು ಮಾತಾಡಿದರೆ ಆ ಜಾಗಕ್ಕೆ ಉತ್ತರ ಕೊಡುತ್ತಿದ್ದ. ಒಂದು ಬೆಳಿಗ್ಗೆ ಹಿಂತಿರುಗಿ ನೋಡಿದೆ. ಫ್ರಿಜ್ ಇತ್ತು. ಅಂದಿನಿಂದ ನನಗೂ ಆ ಜಾಗ ಬೆನ್ನಿಗೆ ತಾಗತೊಡಗಿತು.

ಪಿಸ್ತೂಲು ಕೊಳ್ಳಲು ಒಪ್ಪಿದ್ದು ಅದಕ್ಕೇ. ಅಪ್ಪ ಆ ಬಂಕಿನ ಅಂಗಳ ಬಿಟ್ಟು ಮನೆಗೆ ವಾಪಸು ಬರಬೇಕಿತ್ತು. ನನಗೆ ಬೇರೆ ಕಾರಣವಿರಲಿಲ್ಲ.

ಓಪಲ್ ರೇ ಅನ್ನುವ ಅರವತ್ತು ದಾಟಿದ ಹೆಂಗಸಿನ ಅಂಗಡಿಗೆ ಹೋದೆವು. ಮುಂದೆ ಮೀನಿನ ಗಾಳ, ಎರೆಹುಳು, ಹಿಂದೆ ಬಂದೂಕು.

“ಬಂದ್ಯಾ ಆರ್ವೆಲ್?” ಅಂದಳು ಓಪಲ್. “ಅಂಗಡೀಲಿ ಇರೋದನ್ನೆಲ್ಲಾ ಅಳೆದಾಯ್ತು. ಇನ್ನು ನನ್ನ ಸೊಂಟ ಒಂದು ಬಾಕಿ.”

“ಅಷ್ಟು ಉದ್ದದ ಟೇಪು ನನ್ನ ಹತ್ರ ಇಲ್ಲ ಓಪಲ್,” ಅಂದ ಅಪ್ಪ. ಮುಖ ನಗಲಿಲ್ಲ. “ಇವಳಿಗೆ ಬೇಕು. ತೆಳ್ಳಗಿರ್ಬೇಕು.”

ಓಪಲ್ ನನ್ನ ಕೈ ಹಿಡಿದುಕೊಂಡು ಬೆರಳು ಬಿಡಿಸಿ ನೋಡಿದಳು, ಬಳೆಗಾರ್ತಿಯ ಹಾಗೆ. ಗುಲಾಬಿ ಬಣ್ಣದ ಹಿಡಿ ಇದ್ದದ್ದನ್ನು ನಾನು ನೋಡುತ್ತಿರುವುದು ಕಂಡು, “ಅದನ್ನ ಬಿಡು. ಅದು ಗಂಡಸರು ಹೆಂಡ್ತೀರಿಗೆ ಕೊಳ್ಳೋದು. ಇಪ್ಪತ್ತು ವರ್ಷದಲ್ಲಿ ಒಬ್ಬ ಹೆಂಗಸೂ ತಾನಾಗಿ ಕೊಂಡಿಲ್ಲ,” ಅಂದಳು. ಎರಡನ್ನು ತೆಗೆದು ರಬ್ಬರ್ ಹಾಸಿನ ಮೇಲಿಟ್ಟಳು. ಮೊದಲನೆಯದು ಒಂದು ಇಂಚು ದಪ್ಪ, ಹತ್ತು ಗುಂಡು. ಇನ್ನೊಂದು ಮುಕ್ಕಾಲು ಇಂಚು, ಆರು ಗುಂಡು, ನಳಿಗೆ ನನ್ನ ನಡುಬೆರಳಿಗಿಂತ ಗಿಡ್ಡ.

ಅಂಗಡಿಯ ಹಿಂದಿನ ಮಣ್ಣಿನ ದಿಬ್ಬಕ್ಕೆ ಎರಡರಲ್ಲೂ ಹೊಡೆದು ನೋಡಿದೆ. ಮೊದಲನೆಯದು ಹೇಳಿದ ಮಾತು ಕೇಳಿತು. ಊಟದ ತಟ್ಟೆಯಷ್ಟು ಜಾಗದಲ್ಲಿ ಹತ್ತೂ ಬಿದ್ದವು. ಎರಡನೆಯದು ಅಂಗೈಗೆ ಒದೆಯಿತು. ಕಿರುಬೆರಳಿಗೆ ಹಿಡಿಯಲ್ಲಿ ಜಾಗವೇ ಇಲ್ಲ, ಕೆಳಗೆ ನೇತಾಡುತ್ತದೆ. ಆರರಲ್ಲಿ ಎರಡು ಗುಂಡು ದಿಬ್ಬದ ಹುಲ್ಲಿಗೆ ಹೋದವು.

“ತೆಳ್ಳಗಿದ್ದಷ್ಟೂ ಒದೆಯತ್ತೆ,” ಅಂದಳು ಓಪಲ್. “ಕೈ ನೋಯತ್ತೆ ಅಂತ ಹೊಡೆಯೋದೇ ಬಿಟ್ಟುಬಿಡ್ತೀಯ. ಮೊದಲನೇದು ತಗೋ ಮಗಳೇ.”

ಅಪ್ಪ ಕೇಳಿಸಿಕೊಳ್ಳಲಿಲ್ಲ. ಹೊಟ್ಟೆಗೆ ಸುತ್ತುವ ಅಗಲವಾದ ಎಲಾಸ್ಟಿಕ್ ಪಟ್ಟಿಯೊಂದನ್ನು ತೆಗೆಸಿ, ಅದರ ಒರೆಯಲ್ಲಿ ಮೊದಲನೆಯದನ್ನು ಖಾಲಿ ಮಾಡಿ ಇಡಿಸಿ, ಮೇಲೆ ಅಂಗಿ ಇಳಿಬಿಡಿಸಿದ.

“ಕೂರು. ಏಳು. ಈಗ ಮುದುಕಪ್ಪನ್ನ ಹಾಸಿಗೆಯಿಂದ ಎತ್ತೋ ಥರ ಬಗ್ಗು.”

ಬಗ್ಗಿದೆ.

“ಕಾಣ್ತು.”

“ಏನ್ ಕಾಣ್ತಯ್ಯಾ?” ಅಂದಳು ಓಪಲ್. “ಒಂದು ಮೂಲೆ. ಸಕ್ಕರೆ ಕಾಯಿಲೆಯವರು ಕಟ್ಕೊಳ್ಳೋ ಪಂಪು ಅನ್ಕೋತಾರೆ ಜನ. ಹಾಸಿಗೇಲಿ ಬಿದ್ದಿರೋ ಮುದುಕ ಅವಳ ಸೊಂಟ ನೋಡ್ತಿದ್ರೆ ಮೊದಲು ಅವನಿಗೇ ಒಂದು ಗುಂಡು ಹಾಕ್ಬೇಕು.”

“ಕಾಣ್ತು ಅಂದ್ರೆ ಕಾರಲ್ಲಿಟ್ಟು ಹೋಗ್ತಾಳೆ,” ಅಂದ ಅಪ್ಪ.

ಎರಡನೆಯದನ್ನು ಇಟ್ಟುಕೊಂಡು ಬಗ್ಗಿದೆ, ಕೈ ಎತ್ತಿದೆ, ಎರೆಹುಳುವಿನ ಡಬ್ಬಗಳ ಮಧ್ಯೆ ಆಕಡೆ ಈಕಡೆ ನಡೆದೆ. ಅಪ್ಪ ನನ್ನ ಸುತ್ತ ಒಂದು ಸುತ್ತು ಬಂದ.

“ಎಲ್ಲಿದೆ?” ಅಂದ. “ಓಪಲ್, ಎಲ್ಲಿದೆ ತೋರ್ಸು ನೋಡೋಣ! ಇಲ್ಲವೇ ಇಲ್ಲ!”

ಅವನು ನಗುತ್ತಿದ್ದ. ಮೂರು ವರ್ಷದಲ್ಲಿ ಮೊದಲ ಸಲ ನನ್ನ ಮುಖ ನೋಡಿದ, ಹೆಗಲಿನಾಚೆ ಅಲ್ಲ.

“ನಿನಗೆ ಯಾವುದು ಇಷ್ಟಾನೇ?” ಓಪಲ್ ನನ್ನನ್ನು ಕೇಳಿದಳು. “ಸೊಂಟ ನಿಂದು. ನಿಮ್ಮಪ್ಪಂದಲ್ಲ.”

“ಈ ತೆಳ್ಳಗಿರೋದೇ ಆಂಟಿ,” ಅಂದೆ. ಸುಳ್ಳು. ಅವಳಿಗೂ ಗೊತ್ತಾಯಿತು. ಫಾರಂ ತೆಗೆದು ಮುಂದಿಟ್ಟಳು.

ಐದು ವಾರ ಚೆನ್ನಾಗಿತ್ತು. ಟ್ರಕ್ಕು ಮನೆಯ ಮುಂದೆಯೇ ಇರುತ್ತಿತ್ತು. ಅಪ್ಪ ಕ್ಷೌರ ಮಾಡಿಸಿಕೊಂಡ. ಬೀನ್ಸು, ಮೆಕ್ಕೆಜೋಳದ ಬ್ರೆಡ್ಡು ಎರಡನೇ ಸಲ ಹಾಕಿಸಿಕೊಂಡು ತಿಂದ. ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು, “ಇದೆಯಾ?” ಅನ್ನುತ್ತಿದ್ದ. ನಾನು ಹೊಟ್ಟೆ ತಟ್ಟಿ ತೋರಿಸುತ್ತಿದ್ದೆ. ಪಟ್ಟಿಯ ಕೆಳಗೆ ಚರ್ಮ ಕೆಂಪಗೆ ಬೊಕ್ಕೆ ಎದ್ದಿತ್ತು; ಅದನ್ನು ಹೇಳಲಿಲ್ಲ.

ಭಾನುವಾರ ಚರ್ಚು, ಊಟ ಮುಗಿಸಿ ಅಮ್ಮನ ಕೋಣೆಯಲ್ಲಿ ಅಭ್ಯಾಸ. ಖಾಲಿ ಪಿಸ್ತೂಲನ್ನು ಅಂಗಿಯಡಿಯಿಂದ ಎಳೆದು, ಗುರಿ ಹಿಡಿದು, ಟ್ರಿಗರ್ ಒತ್ತುವುದು, ಇಪ್ಪತ್ತು ಸಲ. ಇದಕ್ಕೆ ಕಟ್ಟುನಿಟ್ಟಿನ ಕ್ರಮ ಇದೆ. ಗುಂಡುಗಳನ್ನೆಲ್ಲ ತೆಗೆದು ಅಡುಗೆಮನೆಯಲ್ಲಿ ಬಿಟ್ಟು ಬರಬೇಕು. ಮುಗಿದ ಮೇಲೆ “ಇವತ್ತಿಗೆ ಮುಗೀತು” ಎಂದು ಬಾಯಿಬಿಟ್ಟು ಹೇಳಬೇಕು, ಕೈಗೂ ಕೇಳಿಸುವ ಹಾಗೆ. ಆಮೇಲೆ ಗುಂಡು ತುಂಬಿ, ಒರೆಗೆ ಇಟ್ಟು, ಮತ್ತೆ ಮುಟ್ಟಬಾರದು. ನಮ್ಮ ಕಡೆ ಗೋಡೆಯಲ್ಲಿ, ಟಿವಿಯಲ್ಲಿ ತೂತು ಇರುವ ಮನೆಗಳಲ್ಲೆಲ್ಲ ಆದದ್ದು ಒಂದೇ: ಗುಂಡು ತುಂಬಿದ ಮೇಲೆ ಇನ್ನೊಂದೇ ಒಂದು ಸಲ.

ಅಪ್ಪ ಅಮ್ಮನ ಕನ್ನಡಿಯ ಮುಂದೆಯೇ ಮಾಡಿಸುತ್ತಿದ್ದ. “ಬೆನ್ನ ಹಿಂದೆ ಕಾಣ್ಬೇಕು,” ಅನ್ನುವುದು ಅವನ ಕಾರಣ. ಒಂದು, ಎರಡು ಎಂದು ಎಣಿಸುತ್ತಿರಲಿಲ್ಲ. ಮಂಚದ ಮೇಲೆ ಕೂತು, ಸ್ವಲ್ಪ ಹೊತ್ತು ಸುಮ್ಮನಿದ್ದು, “ಬಂದ,” ಅನ್ನುತ್ತಿದ್ದ. ನಾನು ಎಳೆಯುತ್ತಿದ್ದೆ. ಟಿಕ್. ಮತ್ತೆ ಸುಮ್ಮನೆ. ಮತ್ತೆ “ಬಂದ.” ಒಂದು ಮಧ್ಯಾಹ್ನಕ್ಕೆ ಇಪ್ಪತ್ತು ಸಲ ಅವನು ನಮ್ಮ ಮನೆಗೆ ಬರುತ್ತಿದ್ದ.

ಐದನೇ ಭಾನುವಾರ ಇಪ್ಪತ್ತೂ ಆಯಿತು. “ಇವತ್ತಿಗೆ ಮುಗೀತು,” ಅಂದೆ. ಅಪ್ಪನೂ ಅಂದ. ಅಡುಗೆಮನೆಗೆ ಹೋಗಿ ಗುಂಡು ತುಂಬಿಕೊಂಡು, ಅಂಗಿ ಸರಿಮಾಡಿಕೊಳ್ಳುತ್ತ ಕೋಣೆಗೆ ಬಂದೆ.

“ಕೊನೇ ಸಲ ಅಂಗಿ ಸಿಕ್ಕಾಕ್ಕೊಳ್ತು ನೋಡ್ದೆ,” ಅಂದ ಅಪ್ಪ. “ಎಡಗೈ ತುಂಬ ಕೆಳಗಿತ್ತು. ಆ ಪಟ್ಟಿ ಬಿಚ್ಚಿ ಇಲ್ಲಿ ಕೊಡು.”

“ಮುಗೀತಲ್ಲಪ್ಪ.”

“ಒಂದೇ ಒಂದು. ನೀನು ಹಿಂದೆ ನಿಂತು ಕೈ ನೋಡು, ಸಾಕು.”

ತುಂಬಿದೆ ಎಂದು ನಾನು ಹೇಳಬಹುದಿತ್ತು. ಅವನೇ ನನಗೆ ಕಲಿಸಿದವನು. ಕೈಗೆ ತೆಗೆದುಕೊಂಡ ತಕ್ಷಣ ನೋಡಿಕೊಳ್ಳುತ್ತಾನೆ ಅಂದುಕೊಂಡೆ. ಪಟ್ಟಿ ಬಿಚ್ಚಿ ಕೊಟ್ಟೆ. ಅವನು ಸುತ್ತಿಕೊಂಡು ಕನ್ನಡಿಗೆ ಎದುರಾಗಿ ನಿಂತ. ನಾನು ಅವನ ಎಡಭುಜದ ಹಿಂದೆ ನಿಂತೆ.

ಕನ್ನಡಿಯಲ್ಲಿ ಅವನ ಕಣ್ಣು ತನ್ನ ಕೈ ಬಿಟ್ಟು ಮೇಲೆ ಬಂತು. ನನ್ನ ಮೇಲೆ ನಿಂತಿತು. ಆ ನೋಟ ನನಗೆ ಹೊಸದು. ಅಪ್ಪ ಅಷ್ಟು ಹೆದರಿದ್ದನ್ನು ನಾನು ಕಂಡಿರಲಿಲ್ಲ.

“ಬಂದ,” ಅಂದ, ಬಹಳ ಮೆಲ್ಲಗೆ.

ಅಭ್ಯಾಸದಲ್ಲಿ ನಾನು ಯಾವತ್ತೂ ಅವನಷ್ಟು ಬೇಗ ಎಳೆದಿರಲಿಲ್ಲ. ಅವನ ಎಡಗೈ ಅಂಗಿಯನ್ನು ಮೇಲೆತ್ತಿ, ಬಲಗೈಗೆ ಆಸರೆಯಾಗಲು ಮುಂದಕ್ಕೆ ಬಂತು. ಮೂವತ್ತು ವರ್ಷ ದೊಡ್ಡ ಪಿಸ್ತೂಲು ಹಿಡಿದ ಕೈ ಅದು. ನಳಿಗೆ ಎಲ್ಲಿಯವರೆಗೆ ಇರುತ್ತದೆಂದು ಅದಕ್ಕೆ ಗೊತ್ತಿದ್ದ ಜಾಗಕ್ಕೇ ಹೋಗಿ ಹಿಡಿಯಿತು. ಇದರ ನಳಿಗೆ ಅಲ್ಲಿರಲಿಲ್ಲ. ಬೆರಳುಗಳು ಮೂತಿಯ ಮುಂದಿದ್ದವು.

ಗುಂಡು ಬೆರಳುಗಳ ಮೂಲಕ ಹೋಗಿ, ಕನ್ನಡಿಯಲ್ಲಿ ನನ್ನ ಎದೆ ಇದ್ದಲ್ಲಿ ಹೊಕ್ಕಿತು.

ಹಾಸಿಗೆಯ ಚಾದರ ಹರಿದು ಅವನ ಕೈಗೆ ಬಿಗಿದೆ. ಅದು ನನ್ನ ಕೆಲಸ, ನನಗೆ ಬರುತ್ತದೆ. ಆಂಬ್ಯುಲೆನ್ಸ್ ಗುಡ್ಡ ಹತ್ತಿ ಬರಲು ಅರ್ಧ ಗಂಟೆ ಹಿಡಿಯಿತು. ಅಷ್ಟೂ ಹೊತ್ತು ಅವನು ನೋವು ಅನ್ನಲಿಲ್ಲ.

“ಎಲ್ಲಿ ಹೋದ?” ಅಂದ.

“ಯಾರೂ ಇರ್ಲಿಲ್ಲಪ್ಪ. ನಾನಿದ್ದೆ.”

“ನನ್ನ ಹಿಂದೆ ನಿಂತಿದ್ನಲ್ಲ, ಎಡಗಡೆ.”

“ಎಡಗಡೆ ನಿಂತಿದ್ದು ನಾನು. ನೀನೇ ನಿಲ್ಲು ಅಂದೆ.”

ಅವನು ನನ್ನನ್ನು ನೋಡಿದ. ತಕ್ಷಣ ಕಣ್ಣು ತಿರುಗಿಸಿಕೊಂಡ.

ಆಸ್ಪತ್ರೆಗೆ ಡೆಪ್ಯುಟಿ ಶೆರಿಫ್ ಒಬ್ಬ ಬಂದು ಹೇಳಿಕೆ ಬರೆದುಕೊಂಡ. ಕೋಣೆಯಲ್ಲಿ ಎಷ್ಟು ಜನ ಇದ್ದಿರಿ ಎಂದು ಕೇಳಿದ್ದಕ್ಕೆ ಅಪ್ಪ, “ಮೂರು,” ಅಂದ. ಡೆಪ್ಯುಟಿ ನನ್ನ ಮುಖ ನೋಡಿದ. ನಾನು ಎರಡು ಬೆರಳು ತೋರಿಸಿದೆ. ಅವನು ಎರಡು ಎಂದು ಬರೆದುಕೊಂಡ.

ನಾಲ್ಕನೇ ದಿನ ಅಪ್ಪನ ತಮ್ಮ ಒಹಾಯೋದಿಂದ ಕಾರು ತಂದ. ಮನೆಗೆ ಹೋಗುವುದಿಲ್ಲ ಎಂದು ಅಪ್ಪ ಅವನಿಗೆ ಹೇಳಿದ್ದ. ನನಗೆ ಹೇಳಿದ್ದು ಕಾರಿನ ಕಿಟಕಿಯಿಂದ, ರಸ್ತೆ ನೋಡುತ್ತ.

“ನಿನ್ನ ತಪ್ಪಲ್ಲ ಮಾರ್ಲಾ. ನಿನ್ನ ನೋಡಿದ್ರೆ ಈಗ ಅವನೇ ಕಾಣ್ತಾನೆ. ಮುಂದೆ ನಿಂತ್ರೂನೂ.”

“ಫೋನ್ ಮಾಡ್ತೀಯಾ?”

“ಧ್ವನಿ ಪರವಾಗಿಲ್ಲ ಅನ್ಸತ್ತೆ,” ಅಂದ.

ಇದು ಆಗಿ ಎರಡು ವರ್ಷ. ಫೋನು ಬಂದಿಲ್ಲ. ಅಮ್ಮನನ್ನು ಬಿಟ್ಟು ಎಣಿಸಿದರೆ ಹೋದದ್ದು ಇಷ್ಟು: ಎಡಗೈಯ ತೋರುಬೆರಳಿನ ಗೆಣ್ಣು ಎರಡು, ನಡುಬೆರಳಿನ ತುದಿ ಒಂದು, ಕನ್ನಡಿ ಒಂದು, ಅಪ್ಪ ಒಬ್ಬ.