ಎಡಗಡೆಯ ಲೋಟ

ಮತ್ತೆ ಆ ಕೈ, ಅಜ್ಜಿಯ ಹೊದಿಕೆಯ ಕೆಳಗಿಂದ ಎಡಕ್ಕೆ ಚಾಚಿ, ಗಾಳಿಯಲ್ಲಿ ತಡಕಿ, ಏನೂ ಸಿಗದೆ ಒಳಗೆ ಸೇರುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಹೊರಗೆ — ನೋಡಿದ್ರಾ, ಇದೇ ನಾನು ಹೇಳಿದ್ದು, ಅನ್ನುತ್ತಾರೆ ಡಾಕ್ಟರು ಚಿಕ್ಕಪ್ಪನಿಗೆ, ಕಣ್ಣು ಹೋದ್ಮೇಲೆ ಬುದ್ಧೀನೂ ದಾರಿ ತಪ್ಪಿದೆ, ಚಿಕ್ಕಪ್ಪ ತಲೆಯಾಡಿಸುತ್ತಾರೆ, ಸಹಿ ಹಾಕಲು ಜೇಬಿನಲ್ಲಿ ಪೆನ್ನು ಹುಡುಕುತ್ತಾ ನನಗೆ ಹೇಳುತ್ತಾರೆ, ಮರೆವಿನವರನ್ನ ನೋಡ್ಕೊಳ್ಳೋ ಮನೆ ಕಣಮ್ಮ, ಒಳ್ಳೆ ಜನ, ಹೊರಗಡೆಯಿಂದ ಬೀಗ ಹಾಕ್ತಾರೆ, ನಮಗೂ ನಿಶ್ಚಿಂತೆ — ಬೀಗ, ಅಜ್ಜಿಗೆ, ತಾತ ಸೇತುವೆ ಕಟ್ಟಿದಲ್ಲೆಲ್ಲ ಸಂಸಾರ ಹೂಡಿದವಳಿಗೆ, ತಾತ ಹೋದ ಮೇಲೂ ಅದೇ ಕಂಪನಿಯ ಉಗ್ರಾಣ ನೋಡಿಕೊಳ್ಳುತ್ತ ನದಿಯಿಂದ ನದಿಗೆ ಹೋದವಳಿಗೆ, ಹೊಸ ಊರಿನ ಮೊದಲ ಸಂಜೆಯೇ ತರಕಾರಿಯವಳ ಜೊತೆ ಜಗಳವಾಡುವಷ್ಟು ಭಾಷೆ ಕಲಿತುಬಿಡುತ್ತಿದ್ದವಳಿಗೆ. ಬೆಳಿಗ್ಗೆ ಡಾಕ್ಟರು, ಅಜ್ಜಿ, ಇದು ಯಾವ ಊರು ಹೇಳಿ ಎಂದರು, ನೀನು ಇಲ್ಲೇ ಇರೋನಲ್ವೇನಪ್ಪ, ನಿನಗೇ ಗೊತ್ತಿಲ್ವಾ ಎಂದಳು, ನನಗೆ ನಗು ಬಂತು, ಅವರು ತಪ್ಪು ಉತ್ತರವೆಂದು ಬರೆದುಕೊಂಡರು. ಪ್ರಯೋಗಾಲಯದಲ್ಲಿ ದಿನವಿಡೀ ತಕ್ಕಡಿಯ ಮುಳ್ಳು ನೋಡುವವಳು ನಾನು, ಸುಮ್ಮನೆ ನಡುಗುವ ಮುಳ್ಳೇ ಬೇರೆ, ಒಂದೇ ಕಡೆ ವಾಲುವ ಮುಳ್ಳೇ ಬೇರೆ, ಈ ಕೈ ಪ್ರತಿ ಸಲವೂ ಎಡಕ್ಕೇ ಹೋಗುತ್ತದೆ — ಎಡಕ್ಕೆ ನೀರಿನ ಲೋಟ, ಹೌದು, ಎಲ್ಲ ಮನೆಗಳಲ್ಲೂ, ಸಾಮಾನು ಬಿಚ್ಚುವ ಮೊದಲೇ ಅಜ್ಜಿ ಮಂಚ ತಿರುಗಿಸುತ್ತಿದ್ದಳು, ಕಾಲ ಕಡೆ ಬಾಗಿಲು, ಬಲಕ್ಕೆ ಗೋಡೆ, ಎಡಕ್ಕೆ ಸ್ಟೂಲು, ಅದರ ಮೇಲೆ ಲೋಟ, ಊರು ಯಾವುದಾದ್ರೂ ಆಗ್ಲಿ ಕಣೇ, ಎಚ್ಚರಾದಾಗ ನೀರು ಕೈಗೆ ಸಿಗ್ಬೇಕು, ಅನ್ನುತ್ತಿದ್ದಳು, ತಾತ ರೇಗಿಸುತ್ತಿದ್ದರಂತೆ, ನನ್ನ ಸೇತುವೆನಾದ್ರೂ ಕಿತ್ತು ಆಚೆ ಇಡಬಹುದು, ಇವಳ ಮಂಚ ಅಲ್ಲಾಡ್ಸಕ್ಕಾಗಲ್ಲ. ಈ ಆಸ್ಪತ್ರೆಯಲ್ಲಿ ಲೋಟ ಬಲಗಡೆ ಇದೆ, ಅಷ್ಟೇ, ಇಷ್ಟು ಸಣ್ಣ ವಿಷಯ — ಇರಿ ಚಿಕ್ಕಪ್ಪ, ಸಹಿ ಹಾಕ್ಬೇಡಿ, ಸ್ಟೂಲನ್ನು ಎತ್ತಿ ಈಚೆ ತರುತ್ತೇನೆ, ಶುರುವಾಯ್ತಾ ನಿನ್ನ ಸೈನ್ಸು ಎನ್ನುತ್ತಾರೆ, ಆದರೂ ಪೆನ್ನು ಕೆಳಗಿಳಿಯುತ್ತದೆ, ಕೈ ಬರುತ್ತದೆ, ಲೋಟದ ಅಂಚು ಮುಟ್ಟುತ್ತದೆ, ನಿಲ್ಲುತ್ತದೆ, ಡಾಕ್ಟರ ಹುಬ್ಬು ಮೇಲೇರುತ್ತದೆ, ಕುಡಿ ಅಜ್ಜಿ, ಕುಡಿ —

ಲೋಟವನ್ನು ಬೆರಳ ಹಿಂಬದಿಯಿಂದ ಸರಿಸಿ ಕೈ ಕೆಳಗಿಳಿಯುತ್ತದೆ, ಮಂಚದ ಅಂಚಿಗಿಂತಲೂ ಕೆಳಗೆ, ಸ್ಟೂಲಿನ ಪಕ್ಕಕ್ಕೆ, ಅಲ್ಲಿ ನನ್ನ ಹಾಸಿಗೆ ಇರುತ್ತಿತ್ತು, ಅಮ್ಮ ತೀರಿಕೊಂಡ ವರ್ಷದಿಂದ, ಹೊಸ ಹೊಸ ಮನೆಗಳ ಕತ್ತಲೆಯಲ್ಲಿ ಆ ಕೈ ಇಳಿದು ಬಂದು ನನ್ನ ಜಡೆ ಹುಡುಕುತ್ತಿತ್ತು, ಇದ್ದೀಯೇನೇ, ಹೂಂ ಅಜ್ಜಿ, ಜಡೆಯ ತುದಿ ಬೆರಳಿಗೆ ಸುತ್ತಿಕೊಂಡು ನಿದ್ದೆ ಹೋಗುತ್ತಿದ್ದಳು, ರೈಲಿನಲ್ಲೂ, ಹಡಗಿನಲ್ಲೂ, ನಾನು ಎಲ್ಲೂ ಕಳೆದುಹೋಗದಂತೆ. ನೀರೂ ಬೇಡ ನೋಡಿ, ಎನ್ನುತ್ತಾರೆ ಡಾಕ್ಟರು, ಮೊಣಕಾಲೂರುತ್ತೇನೆ, ಏನೇ ಇದು, ಎದ್ದೇಳು, ಅನ್ನುತ್ತಾರೆ ಚಿಕ್ಕಪ್ಪ, ಇನ್ನೂ ತಗ್ಗಿ ತಲೆಯನ್ನು ಆ ಎತ್ತರಕ್ಕೆ ತಂದು ಹಿಡಿಯುತ್ತೇನೆ, ಕೈ ಬಂದು ಕೂರುತ್ತದೆ, ತಣ್ಣಗೆ, ಗಿಡ್ಡಗೆ ಕತ್ತರಿಸಿದ ನನ್ನ ನರೆಗೂದಲಿನ ಮೇಲೆ, ಕಿವಿಯ ಹಿಂದೆ ಇಳಿಯುತ್ತದೆ, ಕತ್ತಿನವರೆಗೆ, ಜಡೆ ಇರಬೇಕಾದ ಕಡೆ — ಇದ್ದೀನಿ ಅಜ್ಜಿ, ಇಲ್ಲೇ ಇದ್ದೀನಿ — ಹಿಂದೆ ಪೆನ್ನಿನ ಮುಚ್ಚಳ ತೆಗೆದ ಸದ್ದು, ಕೈ ನನ್ನನ್ನು ಬಿಟ್ಟು, ನನ್ನನ್ನು ದಾಟಿ, ಇನ್ನೂ ಎಡಕ್ಕೆ, ಗಾಳಿಯಲ್ಲಿ, ಬೆರಳು ಅರ್ಧ ಮಡಚಿ, ಜಡೆಯ ತುದಿಗಾಗಿ, ಆ ಕೈ